ನೂರಕ್ಕೆ ಎಷ್ಟು?

ಬೇಸಗೆಯ ಬಿಸಿಲು ಇಳಿಯುವುದಕ್ಕೆ ಮುನ್ನವೇ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದು, ಮನೆಮನೆಯಲ್ಲಿಯೂ ಅಂಕಗಳ ಮಾತೇ ಮಾತಾಗುವುದು ವಾಚಕರೆಲ್ಲರೂ ಬಲ್ಲ ಸಂಗತಿ. ಮಗುವಿಗೆ ಒಟ್ಟು ಎಷ್ಟು ಬಂತೆಂದು ಕೇಳುವವರಿಗಿಂತ ‘ಪರ್ಸೆಂಟೇಜು ಎಷ್ಟು?’ ಎಂದು ಕೇಳುವವರೇ ಹೆಚ್ಚು. ನೆಂಟರು ಕೇಳುವರು, ನೆರೆಯವರು ಕೇಳುವರು, ಹಾಲು ತರುವವನೂ ಕೇಳುವನು. ಅವರಿಗೆ ಸುಮಾರಾಗಿ ಒಂದು ಸಂಖ್ಯೆಯನ್ನು ಹೇಳಿದರೂ ಕೆಡುವುದೇನಿಲ್ಲ. ಆದರೆ ಕಾಲೇಜಿನ ಅರ್ಜಿಯೂ ಕೇಳುವುದು, ವಿದ್ಯಾರ್ಥಿವೇತನದ ಅರ್ಜಿಯೂ ಕೇಳುವುದು, ಹತ್ತು ವರ್ಷಗಳ ತರುವಾಯ ಉದ್ಯೋಗದ ಅರ್ಜಿಯೂ ಕೇಳುವುದು. ಅಲ್ಲಿ ಬರೆದುದೆಲ್ಲವೂ ಸತ್ಯವೆಂದು ಕೆಳಗೆ ರುಜು ಹಾಕಬೇಕಾಗುವುದು. ಲೆಕ್ಕ ಚಿಕ್ಕದು, ಆದರೆ ಅದು ರುಜುವಿನ ಮೇಲಿರುವ ಲೆಕ್ಕ. ಆದಕಾರಣ ಈ ತಿಂಗಳ ನಮ್ಮ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ರಾಜ್ಯದ ಮಂಡಳಿಯ 2025ನೆಯ ವರ್ಷದ ಪರೀಕ್ಷೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರಥಮ ಭಾಷೆಗೆ 125 ಅಂಕಗಳು, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜವಿಜ್ಞಾನ ಈ ಐದಕ್ಕೆ ತಲಾ 100, ಅಂತು 625. ಶಾಲೆಯಲ್ಲಿ ಕೊಡುವ ಆಂತರಿಕ ಅಂಕಗಳು ಇದರೊಳಗೇ ಅಡಕವಾಗಿರುವುವು. ಭಾಷೆಗೆ 100 ಬರವಣಿಗೆಯದು, 25 ಶಾಲೆಯದು. ಉಳಿದ ವಿಷಯಗಳಿಗೆ 80 ಮತ್ತು 20. ಶಾಲೆಯ ಅಂಕಗಳನ್ನು ಬೇರೆಯಾಗಿ ಮತ್ತೊಮ್ಮೆ ಕೂಡಿಸುವ ಉತ್ಸಾಹಿಗಳನ್ನೂ ನಾವು ಕಂಡಿದ್ದೇವೆ. ಅವರಿಗೆ ಇಷ್ಟು ಹೇಳಿದರೆ ಸಾಕು.

ಇಲ್ಲಿ ಬೇಕಾದುದು ನಮ್ಮ ಹಿರಿಯರು ತ್ರೈರಾಶಿಕವೆಂದು ಕರೆದ ವಿಧಾನವೇ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಅದರ ನಿರೂಪಣೆಯಿದೆ. 12ನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯನೂ ಇಂತಹ ವ್ಯವಹಾರದ ಲೆಕ್ಕಗಳನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡನು. ಮೂರು ರಾಶಿಗಳಿರುವುವು: ಪ್ರಮಾಣ, ಫಲ, ಇಚ್ಛೆ. 625 ಅಂಕಗಳು ಪ್ರಮಾಣ. ಅದಕ್ಕೆ ಸಲ್ಲುವ 100 ಫಲ. ನಮ್ಮ ಮಗುವಿಗೆ ಬಂದ ಅಂಕಗಳು ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಬೇಕಾದುದು ದೊರೆಯುವುದು. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂಬುದು ಇದರ ಮುಖ್ಯ ನಿಬಂಧನೆ. ಬಂದ ಅಂಕಗಳು ಯಾವ ಆರು ವಿಷಯಗಳವೋ ಪೂರ್ಣಾಂಕಗಳೂ ಅದೇ ಆರು ವಿಷಯಗಳವಾಗಿರಬೇಕು. ಜನರು ಎಡವುವುದೆಲ್ಲ ಈ ನಿಬಂಧನೆಯಲ್ಲಿಯೇ.

ನಮ್ಮ ಬೀದಿಯ ಗೃಹಸ್ಥರೊಬ್ಬರು ಒಂದು ಸಂಜೆ ಮಗಳೊಡನೆ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ. ಮಗಳ ಒಟ್ಟು ಅಂಕಗಳು 480. ಅರ್ಜಿಯಲ್ಲಿ ತಂದೆ 80 ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. “ಆರು ವಿಷಯ, ಆರರಿಂದ ಭಾಗಿಸಿದೆ ಮೇಷ್ಟ್ರೇ, ಸರಿಯಾಗಿ ಎಂಬತ್ತು. ಇವಳು ನೋಡಿದರೆ ಎಪ್ಪತ್ತಾರು ಚಿಲ್ಲರೆ ಅನ್ನುತ್ತಾಳೆ. ಬಂದ ಮಾರ್ಕನ್ನೂ ಕಳೆದುಕೊಳ್ಳುವ ಹುಡುಗಿ ಇವಳು,” ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಮನೆಯಲ್ಲಿ ಆಗಲೇ ಬೈಗುಳವಾಗಿತ್ತೆಂದು ಮುಖವೇ ಹೇಳುತ್ತಿತ್ತು.

ನಾವು ಆಕೆಯನ್ನೇ ಕೇಳಿದೆವು: “ಎಷ್ಟಮ್ಮಾ, ನಿನ್ನ ಲೆಕ್ಕದಲ್ಲಿ?”

“76.80, ಸರ್.”

“ಹೇಗೆ?”

“ಕನ್ನಡಕ್ಕೆ ನೂರ ಇಪ್ಪತ್ತೈದು, ಸರ್. ಅಪ್ಪ ಅದನ್ನೂ ನೂರು ಅಂತ ಹಿಡಿದಿದ್ದಾರೆ.”

ಅದಕ್ಕಿಂತ ಸ್ಪಷ್ಟವಾಗಿ ನಾವೂ ಹೇಳಲಾರೆವು. ಒಟ್ಟನ್ನು ಆರರಿಂದ ಭಾಗಿಸುವುದೆಂದರೆ ಪೂರ್ಣಾಂಕ 600 ಎಂದು ಭಾವಿಸಿದಂತೆ. ಇಚ್ಛೆಯಲ್ಲಿ 125ರ ಪತ್ರಿಕೆಯೊಂದಿದೆ, ಪ್ರಮಾಣದಲ್ಲಿ ಅದು 100ಕ್ಕೆ ಇಳಿದಿದೆ, ಜಾತಿ ಬೇರೆಯಾಯಿತು. 480ನ್ನು 100ರಿಂದ ಗುಣಿಸಿ 625ರಿಂದ ಭಾಗಿಸಿದರೆ ಬರುವುದು 76.80. ಇಲ್ಲದ 3.20ನ್ನು ತಂದೆ ಪ್ರೀತಿಯಿಂದಲೇ ಸೇರಿಸಿದ್ದರು, ಸಂದೇಹವಿಲ್ಲ. ಆದರೆ ಅರ್ಜಿಯನ್ನು ಪರಿಶೀಲಿಸುವವನು ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡುವನು. ಅವನ ಕಣ್ಣಿಗೆ ಅದು ಪ್ರೀತಿಯಾಗಿ ಕಾಣದು, ಸುಳ್ಳು ಹೇಳಿಕೆಯಾಗಿ ಕಾಣುವುದು. ಅರ್ಹತೆಯಿರುವ ಮಗುವೇ ತಿರಸ್ಕೃತವಾಗುವ ಸಂಭವವುಂಟು. ಗೃಹಸ್ಥರು ಪೆನ್ಸಿಲಿನ ಬರಹವನ್ನು ಅಳಿಸಿದರು. ಪೆನ್ನಿನಿಂದ ಬರೆಯುವ ಕೆಲಸವನ್ನು ಮಗಳಿಗೇ ಕೊಡಿರೆಂದು ನಾವು ಹೇಳಿದೆವು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಲೆಕ್ಕ ಬಲ್ಲವರೇ ಇದರಲ್ಲಿ ಬೀಳುವರು. ಭಾಷೆಗೆ 125 ಎಂಬುದನ್ನು ಅವರು ಮರೆಯುವುದಿಲ್ಲ. ಅದರಲ್ಲಿ ಬಂದುದನ್ನು ಮೊದಲು ನೂರಕ್ಕೆ ಇಳಿಸಿಕೊಂಡು, ಆಮೇಲೆ ಆರು ಸಂಖ್ಯೆಗಳನ್ನೂ ಕೂಡಿಸಿ ಆರರಿಂದ ಭಾಗಿಸುವರು. ನೋಡುವುದಕ್ಕೆ ನಿರ್ದುಷ್ಟವಾಗಿದೆಯಲ್ಲವೆ? ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿರಿ. ಒಬ್ಬಳಿಗೆ ಪ್ರಥಮ ಭಾಷೆಯಲ್ಲಿ 120, ಉಳಿದ ಐದರಲ್ಲಿ ಒಟ್ಟು 360. ಇನ್ನೊಬ್ಬನಿಗೆ ಪ್ರಥಮ ಭಾಷೆಯಲ್ಲಿ 75, ಉಳಿದ ಐದರಲ್ಲಿ 405. ಇಬ್ಬರ ಒಟ್ಟೂ 480. ಮೇಲಿನ ಕ್ರಮದಂತೆ ಮಾಡಿದರೆ ಮೊದಲನೆಯವಳ ಭಾಷೆ ನೂರಕ್ಕೆ 96 ಆಗುವುದು. 360 ಕೂಡಿಸಿ ಆರರಿಂದ ಭಾಗಿಸಲು 76. ಎರಡನೆಯವನ ಭಾಷೆ ನೂರಕ್ಕೆ 60. 405 ಕೂಡಿಸಿ ಭಾಗಿಸಲು 77.50. ಒಂದೇ ಒಟ್ಟು ಪಡೆದ ಇಬ್ಬರಿಗೆ ಎರಡು ಬೇರೆ ಸಂಖ್ಯೆಗಳು, ಎರಡೂ ತಪ್ಪು. ಇಬ್ಬರದೂ ನಿಜವಾಗಿ 76.80. ಕನ್ನಡವನ್ನು ಚೆನ್ನಾಗಿ ಓದಿದವಳಿಗೆ ನಷ್ಟ, ಅಲಕ್ಷಿಸಿದವನಿಗೆ ಲಾಭ! ಛೇದಗಳು ಬೇರೆಬೇರೆಯಾಗಿರುವಾಗ ಭಿನ್ನರಾಶಿಗಳ ಸರಾಸರಿಯನ್ನು ಹಾಗೆಯೇ ತೆಗೆಯಬಾರದು. ಬಂದುದನ್ನೆಲ್ಲ ಒಂದು ಕಡೆ, ಪೂರ್ಣಾಂಕಗಳನ್ನೆಲ್ಲ ಒಂದು ಕಡೆ ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಭಾಗಿಸುವುದೇ ಕ್ರಮ.

ಭಾಷೆಗೇಕೆ ಈ 25 ಹೆಚ್ಚೆಂದು ಕಿರಿಯರು ಕೇಳುವುದುಂಟು. ಅದರ ಹಿಂದೆ ಈ ನಾಡಿನ ದೊಡ್ಡದೊಂದು ಚಳವಳಿಯ ನೆನಪಿದೆ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ವಿ. ಕೃ. ಗೋಕಾಕರ ಸಮಿತಿಯು 1981ರಲ್ಲಿ ಶಿಫಾರಸು ಮಾಡಿತು. ಅದು ಜಾರಿಯಾಗಬೇಕೆಂದು ನಡೆದ ಚಳವಳಿಯನ್ನು ಹಿರಿಯ ವಾಚಕರು ಕಣ್ಣಾರೆ ಕಂಡಿರಬಹುದು. ವಾದವಿವಾದಗಳೂ ನ್ಯಾಯಾಲಯದ ಮೊಕದ್ದಮೆಗಳೂ ಆದ ಮೇಲೆ ಉಳಿದು ನಿಂತುದು 125. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುವ ಮಕ್ಕಳೂ ಉಂಟು; ಅದರಲ್ಲಿ ಅಂಕಗಳು ಸುಲಭವಾಗಿ ಬರುವುವೆಂಬುದೇ ಬಹುಮಂದಿಗೆ ಕಾರಣ. ಸಂಸ್ಕೃತದ ಅನ್ನವನ್ನುಂಡ ನಮಗೆ ಆ ಕಾರಣ ಅಷ್ಟೇನೂ ಹಿತವೆನಿಸುವುದಿಲ್ಲ. ಅಮರಕೋಶದ ರುಚಿ ಹತ್ತದೆ ಅಂಕ ಮಾತ್ರ ಹತ್ತಿದರೆ ಆ ಭಾಷೆಗೆ ಏನು ಬಂದಂತಾಯಿತು? ಇರಲಿ, ನಮ್ಮ ಲೆಕ್ಕಕ್ಕೆ ಹಿಂದಿರುಗೋಣ.

625ರಿಂದ ಭಾಗಿಸುವುದು ಕಷ್ಟವೆಂದು ಗೃಹಿಣಿಯರು ಅಂಜಬೇಕಾದುದಿಲ್ಲ. 625ನ್ನು 16ರಿಂದ ಗುಣಿಸಿದರೆ ಸರಿಯಾಗಿ 10,000 ಬರುವುದು. ಆದುದರಿಂದ ಒಟ್ಟು ಅಂಕಗಳನ್ನು 16ರಿಂದ ಗುಣಿಸಿ, ಬಲಗಡೆಯ ಎರಡು ಅಂಕಿಗಳ ಹಿಂದೆ ಬಿಂದುವನ್ನಿಟ್ಟರೆ ಮುಗಿಯಿತು. ಹದಿನಾರರ ಮಗ್ಗಿ ಬಾರದವರು ನಾಲ್ಕು ಸಲ ಇಮ್ಮಡಿ ಮಾಡಿಕೊಳ್ಳಬಹುದು: 480, 960, 1920, 3840, 7680. ಬಿಂದುವನ್ನಿಡಲು 76.80. ಒಲೆಯ ಮುಂದೆ ನಿಂತೇ ಮಾಡಬಹುದಾದ ಲೆಕ್ಕ. ತಾಳೆ ನೋಡಬೇಕಾದರೆ 25 ಅಂಕಗಳಿಗೆ ನೂರಕ್ಕೆ 4 ಎಂಬುದನ್ನು ನೆನಪಿಡಿ. 475ಕ್ಕೆ 76, ಉಳಿದ 5 ಅಂಕಗಳಿಗೆ ಒಂದೊಂದಕ್ಕೆ 0.16ರಂತೆ 0.80.

ಈ 0.16 ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮಕ್ಕಳ ಕಣ್ಣೀರು ಅನೇಕ ವೇಳೆ ಇಷ್ಟರಲ್ಲಿಯೇ ಇರುವುದು. 625ರ ಪಟ್ಟಿಯಲ್ಲಿ ಒಂದು ಅಂಕದ ಬೆಲೆ 0.16, ಅಂಕಗಳು ಇಡಿಯಾಗಿಯೇ ಬರುವುದರಿಂದ ನೂರರ ಲೆಕ್ಕವೂ ಆ ಮೆಟ್ಟಿಲುಗಳ ಮೇಲೆಯೇ ಹತ್ತಬೇಕು. 375ಕ್ಕೆ ಸರಿಯಾಗಿ 60, 500ಕ್ಕೆ ಸರಿಯಾಗಿ 80. ಆದರೆ 85 ಎಂಬ ಮೆಟ್ಟಿಲೇ ಅಲ್ಲಿ ಇಲ್ಲ! 531 ಅಂಕಗಳಿಗೆ 84.96, 532ಕ್ಕೆ 85.12. 90ರದೂ ಹಾಗೆಯೇ: 562ಕ್ಕೆ 89.92, 563ಕ್ಕೆ 90.08. ತಮ್ಮ ಮಗನಿಗೆ ‘ಕರೆಕ್ಟಾಗಿ ತೊಂಬತ್ತು’ ಬಂತೆಂದು 625ರ ಪಟ್ಟಿ ಹಿಡಿದು ಹೇಳುವವರು ಎಲ್ಲಿಯೋ ಅಷ್ಟಿಷ್ಟು ಸೇರಿಸಿದ್ದಾರೆ ಅಥವಾ ಬಿಟ್ಟಿದ್ದಾರೆಂದು ತಿಳಿಯತಕ್ಕದ್ದು.

531 ಅಂಕಗಳ ಮಗುವಿನ ತಾಯಿ 84.96ನ್ನು 85 ಎಂದು ಬರೆಯಬಹುದೆ? ಮಾತಿನಲ್ಲಿ ಹೇಳಬಹುದು, ಅರ್ಜಿಯಲ್ಲಿ ಬರೆಯಕೂಡದೆಂದು ನಮ್ಮ ಅಭಿಪ್ರಾಯ. ಕೆಲವು ಕಡೆ ಅರ್ಧಕ್ಕಿಂತ ಹೆಚ್ಚಾದುದನ್ನು ಇಡಿಯಾಗಿ ಎಣಿಸುವರು, ಕೆಲವು ಕಡೆ ಎಣಿಸರು. ಎಣಿಸುವ ಅಧಿಕಾರ ಅರ್ಜಿಯನ್ನು ಪಡೆಯುವವರದು, ಕೊಡುವವರದಲ್ಲ. ನಾವು ಬಿಂದುವಿನ ಮುಂದಿನ ಎರಡು ಸ್ಥಾನಗಳನ್ನೂ ಇದ್ದಂತೆಯೇ ಬರೆದು ಅವರ ನಿಯಮಕ್ಕೆ ಬಿಡಬೇಕು. 85ಕ್ಕೆ ಕಡಮೆಯಿರಕೂಡದೆಂಬ ನಿಯಮವಿರುವಲ್ಲಿ 84.96ರ ಮಗುವಿಗೆ ಆಗುವ ಸಂಕಟ ನಮಗೆ ತಿಳಿಯದ್ದಲ್ಲ. ಒಂದೇ ಒಂದು ಅಂಕ! ಅಂತಹ ಮನೆಯವರು ಸಂಖ್ಯೆಯನ್ನು ಉಬ್ಬಿಸುವುದರ ಬದಲು ಉತ್ತರಪತ್ರಿಕೆಯ ನಕಲನ್ನು ತರಿಸಿ, ಕೂಡಿಕೆಯಲ್ಲಿ ದೋಷವಿದೆಯೇ ಎಂದು ನೋಡುವುದು ಮೇಲು. ಅದಕ್ಕೆ ಮಂಡಳಿಯಲ್ಲಿ ವಿಧಿಯುಂಟು, ಶುಲ್ಕವುಂಟು, ಗಡುವೂ ಉಂಟು.

ಇಷ್ಟು ನಮ್ಮ ರಾಜ್ಯದ ಮಂಡಳಿಯ ಮಾತಾಯಿತು. ಒಂದೇ ಮನೆಯಲ್ಲಿ ಅಣ್ಣನ ಮಕ್ಕಳು ಕೇಂದ್ರದ ಸಿ.ಬಿ.ಎಸ್.ಇ. ಶಾಲೆಯಲ್ಲಿಯೂ ತಮ್ಮನ ಮಕ್ಕಳು ರಾಜ್ಯದ ಶಾಲೆಯಲ್ಲಿಯೂ ಓದುವುದು ಈಗ ಸಾಮಾನ್ಯ. ಹಬ್ಬದ ದಿನ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅತ್ತೆ, ಚಿಕ್ಕಮ್ಮಂದಿರೂ ಸಾಮಾನ್ಯ. ಆದರೆ ಅಲ್ಲಿಯ ಲೆಕ್ಕ ಬೇರೆ. 2010ರಿಂದ 2017ರವರೆಗೆ ಆ ಮಂಡಳಿಯು ಹತ್ತನೆಯ ತರಗತಿಗೆ ಅಂಕಗಳನ್ನು ಕೊಡದೆ ಸಿ.ಜಿ.ಪಿ.ಎ. ಎಂಬ ಹತ್ತರೊಳಗಿನ ಸಂಖ್ಯೆಯನ್ನು ಕೊಡುತ್ತಿತ್ತು. ಆಗ ಓದಿದವರು ಈಗ ಉದ್ಯೋಗದಲ್ಲಿದ್ದು, ಅರ್ಜಿಗಳಲ್ಲಿ ಶೇಕಡಾವಾರು ಎಷ್ಟೆಂದು ಬರೆಯುವಾಗ ತಬ್ಬಿಬ್ಬಾಗುವರು. ಆ ಸಂಖ್ಯೆಯನ್ನು 9.5ರಿಂದ ಗುಣಿಸಬೇಕೆಂದು ಮಂಡಳಿಯೇ ಸೂಚಿಸಿತ್ತು. 9.2 ಬಂದವನಿಗೆ 87.40, ಹತ್ತಕ್ಕೆ ಹತ್ತು ಬಂದವನಿಗೂ 95 ಮಾತ್ರ, 100 ಅಲ್ಲ. 91ರಿಂದ 100ರವರೆಗಿನ ಅಂಕದವರೆಲ್ಲರಿಗೂ ಅಲ್ಲಿ ಒಂದೇ ಶ್ರೇಣಿಯಿದ್ದುದರಿಂದ, ಆ ಗುಂಪಿನ ನಡುವಣ ಬೆಲೆಯೆಂದು 95ನ್ನು ಹಿಡಿದಂತಾಯಿತು. ಇದು ಅಂದಾಜಿನ ಸಂಖ್ಯೆಯೇ ಹೊರತು ಎಣಿಸಿದ ಸಂಖ್ಯೆಯಲ್ಲ. ಆ ಅಣ್ಣನ ಮಗನ 87.40ನ್ನು ತಮ್ಮನ ಮಗಳ 76.80ರ ಎದುರಿಗಿಟ್ಟು ಹುಡುಗಿಯನ್ನು ನೋಯಿಸುವುದು, ಸೇರಿನಿಂದ ಅಳೆದುದನ್ನು ಗಜದಿಂದ ಅಳೆದುದರೊಡನೆ ಹೋಲಿಸಿದಂತೆ.

2018ರಿಂದ ಅಲ್ಲಿಯೂ ಅಂಕಗಳೇ ಮರಳಿ ಬಂದವು. ಆದರೆ ಒಟ್ಟಿನ ಶೇಕಡಾವಾರನ್ನು ತಾನು ಎಣಿಸಿ ಕೊಡುವುದಿಲ್ಲವೆಂದು ಆ ಮಂಡಳಿಯು 2023ರಲ್ಲಿ ಸ್ಪಷ್ಟಪಡಿಸಿತು. ಐದಕ್ಕಿಂತ ಹೆಚ್ಚು ವಿಷಯಗಳನ್ನು ಬರೆದ ವಿದ್ಯಾರ್ಥಿಯ ಯಾವ ಐದನ್ನು ಎಣಿಸಬೇಕೆಂಬುದು ಸೇರಿಸಿಕೊಳ್ಳುವ ಸಂಸ್ಥೆಗೆ ಬಿಟ್ಟದ್ದು. ಆದುದರಿಂದ ಒಬ್ಬನೇ ಹುಡುಗನಿಗೆ ಒಂದು ಕಾಲೇಜಿನಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಇನ್ನೊಂದು ಬಂದರೆ ಅದು ಮೋಸವಲ್ಲ. ಅರ್ಜಿಯ ಜೊತೆಗಿರುವ ಸೂಚನೆಗಳನ್ನು ಮೊದಲು ಓದಿ, ಆರು ವಿಷಯಗಳೋ ಐದೋ, ಇಂತಿಂತಹ ವಿಷಯ ಸೇರಲೇಬೇಕೋ ಎಂಬುದನ್ನು ತಿಳಿದು, ಆಮೇಲೆ ಪೆನ್ನು ಹಿಡಿಯಬೇಕು. ಎಷ್ಟು ವಿಷಯಗಳನ್ನು ಕೂಡಿಸಿದಿರೋ ಅಷ್ಟರ ಪೂರ್ಣಾಂಕದಿಂದಲೇ ಭಾಗಿಸಬೇಕೆಂಬುದು ಅಲ್ಲಿಯೂ ತಪ್ಪದು.

ಕೊನೆಯದಾಗಿ ಒಂದು ಸಣ್ಣ ಮಾತು. ಮರುಮೌಲ್ಯಮಾಪನದಲ್ಲಿ ಅಂಕಗಳು ಬದಲಾದರೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿಲ್ಲ. ನಮ್ಮ ಬೀದಿಯ ಆ ಹುಡುಗಿಗೆ ಮೂರು ಅಂಕಗಳು ಹೆಚ್ಚಿದವೆಂದು ಇಟ್ಟುಕೊಳ್ಳೋಣ. ಮೂರು ಸಲ 0.16 ಎಂದರೆ 0.48. ಅದನ್ನು ಹಿಂದಿನ 76.80ಕ್ಕೆ ಕೂಡಿಸಲು 77.28. ಆದರೆ ತಿದ್ದಿದ ಅಂಕಪಟ್ಟಿ ಕೈಗೆ ಬರುವ ತನಕ ಹೊಸ ಸಂಖ್ಯೆಯನ್ನು ಯಾವ ಅರ್ಜಿಯಲ್ಲಿಯೂ ಬರೆಯಬೇಡಿರಿ. ಗಡುವು ಹತ್ತಿರವಾಗಿದ್ದರೆ ಹಳೆಯದನ್ನೇ ಬರೆದು, ಮರುಮೌಲ್ಯಮಾಪನಕ್ಕೆ ಹಾಕಿರುವುದನ್ನು ಆ ಕಚೇರಿಗೆ ತಿಳಿಸಿ, ರಸೀದಿಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿರಿ.