ಉಕ್ಕಿಗೆ ಸತುವಿನ ಕವಚ: ದರಪಟ್ಟಿಯಲ್ಲಿ ಗ್ರಾಮಿನ ಲೆಕ್ಕವೂ ಇರಲಿ

ಕಪ್ಪತಗುಡ್ಡದ ಆಸುಪಾಸಿನ ಗಾಳಿಯಂತ್ರಗಳ ವಿದ್ಯುತ್ತನ್ನು ಸಾಗಿಸುವ ತಂತಿಮಾರ್ಗದ ಜಾಲರಿ ಗೋಪುರಗಳನ್ನು ಸದಸ್ಯ ಬಾಂಧವರೆಲ್ಲರೂ ನೋಡಿರುತ್ತಾರೆ. ಅವುಗಳಿಗೆ ವರ್ಷವರ್ಷವೂ ಬಣ್ಣ ಬಳಿಯುವವರಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು ಅದು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಗೋದಾಮಿನ ಛಾವಣಿಯನ್ನೋ ಸೌರಫಲಕದ ಚೌಕಟ್ಟನ್ನೋ ಮಾಡಿಸುವಾಗ ನಾವು ಕೇಳುವುದು ಕಿಲೋ ದರವೊಂದನ್ನೇ. ರೆಡ್ ಆಕ್ಸೈಡ್ ಮೇಲೆ ಒಂದು ಕೈ ಬಣ್ಣವಿದ್ದರೆ ವ್ಯವಹಾರ ಮುಗಿಯಿತು. ಈ ರೂಢಿಯೇ ಕೊನೆಗೆ ದುಬಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಣ್ಣವು ಉಕ್ಕಿನ ಮೇಲೆ ಕೂಡ್ರುತ್ತದೆ. ಸತುವು ಅದರೊಡನೆ ಬೆರೆಯುತ್ತದೆ. ಆಮ್ಲದಲ್ಲಿ ಶುದ್ಧಗೊಳಿಸಿದ ಉಕ್ಕನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸತುವಿನ ದ್ರವದಲ್ಲಿ ಮುಳುಗಿಸಿದಾಗ ಮಿಶ್ರಲೋಹದ ಪದರುಗಳು ಮೂಡುತ್ತವೆ. ಗೀರು ಬಿದ್ದರೂ ಸುತ್ತಲಿನ ಸತುವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ.

ನಮ್ಮ ಒಣ ಬಯಲುಸೀಮೆಗೆ ಇದೇಕೆ, ಇದು ಕರಾವಳಿಯವರ ಚಿಂತೆಯಲ್ಲವೇ ಎಂಬ ಆಕ್ಷೇಪವುಂಟು. ಲೆಕ್ಕ ಹೇಳುವುದೇ ಬೇರೆ. ಐಎಸ್ 4759ರ 1996ರ ಆವೃತ್ತಿಯಂತೆ 5 ಮಿ.ಮೀ. ಹಾಗೂ ಅದಕ್ಕೂ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ ಸತು, ಎಂದರೆ ಸುಮಾರು 85 ಮೈಕ್ರಾನ್ ಬೇಕು. ಕಡಿಮೆ ಸವೆತದ ಹವೆಯಲ್ಲಿ ಸತುವಿನ ವಾರ್ಷಿಕ ಸವೆತಕ್ಕೆ ಐಎಸ್ಒ 9223 ಮಾನದಂಡವು ಇಟ್ಟಿರುವ ಮೇಲ್ಮಿತಿ 0.7 ಮೈಕ್ರಾನ್. ಭಾಗಿಸಿ ನೋಡಿರಿ, ನೂರು ವರ್ಷ ದಾಟುತ್ತದೆ. ಉಪ್ಪುಗಾಳಿಯ ಊರಿಗೆ ಈ ಭಾಗ್ಯವೆಲ್ಲಿ? ರಸಗೊಬ್ಬರದ ಗೋದಾಮಿಗೂ ದನದ ಕೊಟ್ಟಿಗೆಗೂ ಮಾತ್ರ ಈ ಲೆಕ್ಕ ಹಿಡಿಯಬಾರದು. ಅಲ್ಲಿ ಸತುವಿನ ಮೇಲೆ ಬಣ್ಣವೂ ಬೇಕು.

ಖರೀದಿ ಆದೇಶದಲ್ಲಿ ಬರಿದೆ 'ಜಿಐ' ಎಂದು ಬರೆದರೆ ಸಾಲದು. ಎರಡೂ ಮೈ ಸೇರಿ 120 ಗ್ರಾಂ ಸತುವಿರುವ ತೆಳು ತಗಡೂ ಜಿಐಯೇ. ದೂರದಿಂದ ಸಿಲ್ವರ್ ಪೇಂಟ್ ಕೂಡ ಹಾಗೆಯೇ ಹೊಳೆಯುತ್ತದೆ! ಮಾನದಂಡದ ಸಂಖ್ಯೆಯನ್ನೂ ಗ್ರಾಮನ್ನೂ ನಮೂದಿಸಿ, ಬಿಲ್ಲು ಪಾವತಿಗೆ ಮುನ್ನ ದಪ್ಪಮಾಪಕದಿಂದ ಅಳೆಯಿಸತಕ್ಕದ್ದು.

ಫ್ಯಾಬ್ರಿಕೇಶನ್ ಉದ್ಯಮಿಗಳಿಗೂ ಒಂದು ಮಾತು. ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ ಪೊಳ್ಳು ಪೈಪನ್ನು ಸತುವಿನ ತೊಟ್ಟಿಗಿಳಿಸಿದರೆ ಒಳಗೆ ಸಿಕ್ಕಿದ ತೇವ ಆವಿಯಾಗಿ ಸಿಡಿದು ಕಾರ್ಮಿಕರ ಪ್ರಾಣಕ್ಕೇ ಎರವಾದೀತು. ಗಾಳಿರಂಧ್ರಗಳನ್ನು ನಕ್ಷೆಯಲ್ಲಿಯೇ ಗುರುತಿಸಬೇಕು. ವೆಲ್ಡಿಂಗ್ ಎಲ್ಲವೂ ಅದ್ದುವ ಮೊದಲೇ ಮುಗಿದಿರಬೇಕು.

ಒಬ್ಬೊಬ್ಬರ ಸರಕು ಅರ್ಧ ಲಾರಿಯೂ ಆಗದಿದ್ದಾಗ ಸಾಗಾಣಿಕೆಯ ವೆಚ್ಚವೇ ಲಾಭವನ್ನು ನುಂಗುತ್ತದೆ. ನಾಲ್ಕೂ ಊರುಗಳ ಉದ್ಯಮಿಗಳು ತಿಂಗಳಿಗೊಂದು ದಿನ ಗೊತ್ತುಮಾಡಿ ಒಂದೇ ಲಾರಿಯಲ್ಲಿ ಸರಕು ಕಳುಹಿಸಬಹುದು. ದಪ್ಪಮಾಪಕವೊಂದನ್ನು ಸಂಸ್ಥೆಯ ಕಚೇರಿಯಲ್ಲಿರಿಸಿ ಸದಸ್ಯರಿಗೆ ಬಾಡಿಗೆಗೆ ಕೊಡುವ ಬಗ್ಗೆ ಆಡಳಿತ ಮಂಡಳಿಯು ಮುಂದಿನ ಸಭೆಯಲ್ಲಿ ವಿಚಾರಿಸಬೇಕೆಂದು ವಿನಂತಿಸುತ್ತೇನೆ.