ಅಟ್ಟಿಯ ಮಲ್ಲಿಗೆ, ಸೀಸೆಯ ಮಲ್ಲಿಗೆ



ನಮ್ಮ ಆಂಟಾಪ್ ಹಿಲ್‌ನಿಂದ ಮಾಟುಂಗ ದೂರವೇನಲ್ಲ. ಅಲ್ಲಿನ ಸ್ಟೇಷನ್ ಬಳಿಯ ಹೂವಿನಂಗಡಿಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಮೊನ್ನೆ ನಮ್ಮ ಕಟ್ಟಡದ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ನಿಮ್ಮ ಮಲ್ಲಿಗೆ ದಂಡೆಯ ಪರಿಮಳ ನನ್ನ ಜಾಸ್ಮಿನ್ ಸೆಂಟಿಗೆ ಯಾಕಿಲ್ಲ?" ಒಳ್ಳೆಯ ಪ್ರಶ್ನೆ. ಉತ್ತರ ನಿಮಗೂ ತಿಳಿದಿರಲಿ.

ಮಲ್ಲಿಗೆ ಕೊಯ್ದ ಮೇಲೂ ಬದುಕಿರುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆ ಅರಳಿ ರಾತ್ರಿಯಿಡೀ ಕಂಪು ಸೂಸುತ್ತದೆ. ಗುಲಾಬಿಯ ಹಾಗೆ ಆವಿಯಲ್ಲಿ ಬೇಯಿಸಿ ಎಣ್ಣೆ ತೆಗೆಯಹೊರಟರೆ ಶಾಖಕ್ಕೆ ಆ ಕಂಪು ಬಹುಪಾಲು ಕೆಡುತ್ತದೆ. ಅದಕ್ಕೇ ಫ್ರಾನ್ಸಿನ ಗ್ರಾಸ್ ಊರಿನವರು ಹಿಂದೆ ಗಾಜಿನ ಹಲಗೆಗೆ ಕೊಬ್ಬು ಬಳಿದು, ಅದರ ಮೇಲೆ ದಿನವೂ ಹೊಸ ಹೂ ಹರಡುತ್ತಿದ್ದರು. ಅವರ ಹೂ ಬೇರೆ ಯಾವುದೂ ಅಲ್ಲ, ನಮ್ಮ ಜಾಜಿಯೇ. ಈಗ ಹೆಕ್ಸೇನ್ ಎಂಬ ದ್ರಾವಕದಲ್ಲಿ ಹೂ ನೆನೆಸಿ, ಬಂದ ಮೇಣವನ್ನು ಆಲ್ಕೋಹಾಲಿನಲ್ಲಿ ತೊಳೆದು ಸತ್ವ ತೆಗೆಯುತ್ತಾರೆ. ಒಂದು ಟನ್ ಹೂವಿಗೆ ಸಿಗುವುದು ಒಂದೋ ಒಂದೂವರೆಯೋ ಕಿಲೋ!

ಆದ್ದರಿಂದ ಸಾಮಾನ್ಯ ಸೆಂಟಿನಲ್ಲಿರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದ ಬೆಂಜೈಲ್ ಅಸಿಟೇಟಿನಂಥ ವಸ್ತು. ನಿಜವಾದ ಹೂವಿನಲ್ಲಿ ಇಂಡೋಲ್ ಎಂಬುದೊಂದಿದೆ. ಅದು ಹೆಚ್ಚಾದರೆ ನಾತ, ಚೂರೇ ಇದ್ದರೆ ಹೂವಿಗೆ ಜೀವ. ಇಂಥ ಎಷ್ಟೋ ವಸ್ತುಗಳು ಕೂಡಿದಾಗಲೇ ಮಲ್ಲಿಗೆ. 1930ರಲ್ಲಿ ಬಂದ 'ಜಾಯ್' ಎಂಬ ಫ್ರೆಂಚ್ ಸುಗಂಧದ ಒಂದು ಔನ್ಸಿಗೆ 10,600 ಮಲ್ಲಿಗೆ ಬೇಕೆಂದು ತಯಾರಕರೇ ಹೇಳಿಕೊಂಡಿದ್ದರು.

ಈ ಲೆಕ್ಕವನ್ನು ಉಡುಪಿಯ ಶಂಕರಪುರದ ಅಳತೆಯಲ್ಲಿ ನೋಡೋಣ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಅಂದರೆ ಒಂದು ಔನ್ಸಿಗೆ ಮೂರು ಅಟ್ಟಿಗಿಂತ ಹೆಚ್ಚು. 2007-08ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ ಇದೇ. ಮೈಸೂರು, ಹಡಗಲಿ ಮಲ್ಲಿಗೆಗಳಿಗೂ ಆಗಲೇ ಆ ಗೌರವ ಸಿಕ್ಕಿತು.

ಅಲ್ಲಿ ಮಲ್ಲಿಗೆ ದೊಡ್ಡ ಜಮೀನ್ದಾರರ ಬೆಳೆಯಲ್ಲ. ಮನೆಯಂಗಳದ ಕೆಲವು ಸೆಂಟ್ಸ್ ಜಾಗದ ಬೆಳೆ. ಹೆಂಗಸರು ಮುಂಜಾನೆ ಎದ್ದು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅಟ್ಟಿಯ ದರ ದಿನದಿನಕ್ಕೂ ಬದಲು: ಮದುವೆ, ಹಬ್ಬಕ್ಕೆ ಏರುತ್ತದೆ, ಬೇಡಿಕೆ ಇಲ್ಲದಾಗ ಇಳಿಯುತ್ತದೆ. ಮಳೆ ಜೋರಾದರೆ ಹೂವೇ ಕಡಿಮೆ. ಆದರೂ ಗಂಡನ ಮುಂದೆ ಕೈಚಾಚದೆ ಮಕ್ಕಳ ಫೀಸು ಕಟ್ಟಿದ ತಾಯಂದಿರ ಗಂಟಿನಲ್ಲಿ ಈ ಹೂವಿನ ದುಡ್ಡಿತ್ತು. ಹಾಗೆ ಓದಿ ಮುಂಬಯಿಗೆ ಬಂದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ.

ಸೆಂಟು ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಆಫೀಸಿಗೆ ಹೂ ಮುಡಿದು ಹೋದರೆ 'ಹಳ್ಳಿಯವಳು' ಎಂದಾರೆಂದು ಅಂಜಿ, ಅದೇ ಹೂವಿನ ಹೆಸರಿನ ಸೀಸೆಗೆ ಸಾವಿರಾರು ರೂಪಾಯಿ ಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಮುಡಿಯುವವರಿದ್ದರೆ ಕಟ್ಟುವವರಿರುತ್ತಾರೆ, ಕಟ್ಟುವವರಿದ್ದರೆ ಗಿಡವಿರುತ್ತದೆ. ಮುಡಿಯುವ ಅಭ್ಯಾಸವಿಲ್ಲದ ಹುಡುಗರು ಅಮ್ಮನಿಗೋ ಅಜ್ಜಿಗೋ ಒಂದು ಮೊಳ ತಂದುಕೊಡಬಹುದಲ್ಲ!