ಜಜ್ಜಿದ ಪಾದಕ್ಕೆ ಏಳು ದಿನ ಸಾಲದು

ಕಾಸರಗೋಡಿನವರಿಗೆ ಮಂಗಳೂರು ಹೇಗೋ ಕಾರವಾರದವರಿಗೆ ಗೋವೆಯ ಬಾಂಬೋಳಿ ಹಾಗೆ. ಪೋರ್ಚುಗೀಸರ ಆಳ್ವಿಕೆಯಲ್ಲಿ 1842ರಲ್ಲಿ ಆರಂಭವಾದ ವೈದ್ಯಶಾಲೆಯೇ ಇಂದು ಬಾಂಬೋಳಿಯಲ್ಲಿರುವ ಗೋವಾ ಮೆಡಿಕಲ್ ಕಾಲೇಜು. ಈ ನಾಲ್ಕೂ ಊರುಗಳನ್ನು 66ನೇ ರಾಷ್ಟ್ರೀಯ ಹೆದ್ದಾರಿಯೊಂದೇ ಪೋಣಿಸಿದೆ. ರಸ್ತೆಗಿಲ್ಲದ ಗಡಿಯು ರೋಗಿಗೆ ಮಾತ್ರ ಅಡ್ಡ ಬರುತ್ತಿರುವುದು ವಿಷಾದನೀಯ.

ಲಾರಿಯ ಚಕ್ರದಡಿ ಸಿಕ್ಕಿದ ಪಾದವನ್ನು ಹಿಂದೆ ಕತ್ತರಿಸಿ ಹಾಕುವುದೇ ವಾಡಿಕೆಯಾಗಿತ್ತು. ಇಂದು ಹಾಗಲ್ಲ. ಗಾಯವನ್ನು ತೊಳೆದು, ಸತ್ತ ಮಾಂಸವನ್ನು ತೆಗೆದು, ಮುರಿದ ಎಲುಬುಗಳನ್ನು ಹೊರಗಿನಿಂದ ಸರಳುಗಳಲ್ಲಿ ಬಿಗಿದು, ಬಳಿಕ ತೊಡೆಯಿಂದಲೋ ಬೆನ್ನಿನಿಂದಲೋ ತೆಗೆದ ಮಾಂಸಚರ್ಮವನ್ನು ಪಾದಕ್ಕೆ ಹೊದಿಸಿ, ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಹೊಲಿಯಬಹುದಾಗಿದೆ. ಆದರೆ ಇದು ಒಂದು ದಿನದ ಕೆಲಸವಲ್ಲ. ಒಂದು ಪಾದದಲ್ಲಿರುವ ಎಲುಬುಗಳು 26. ಹಿಮ್ಮಡಿಯ ಮೆತ್ತೆಯಂತಹ ಚರ್ಮ ಶರೀರದಲ್ಲಿ ಬೇರೆಲ್ಲಿಯೂ ಸಿಗದು. ಹಲವು ಶಸ್ತ್ರಕ್ರಿಯೆ, ತಿಂಗಳುಗಟ್ಟಲೆ ವ್ಯಾಯಾಮ ಅನಿವಾರ್ಯ.

ಎಲ್ಲ ಪಾದಗಳನ್ನೂ ಉಳಿಸಲೇಬೇಕೆಂದು ನಾವು ಹೇಳುವುದಿಲ್ಲ. ಕಾಲಿಗೆ ತೀವ್ರ ಗಾಯವಾದ 569 ಮಂದಿಯನ್ನು ಅಭ್ಯಸಿಸಿ 2002ರಲ್ಲಿ ಪ್ರಕಟವಾದ ಅಮೆರಿಕದ ವರದಿಯಂತೆ, ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಸ್ಥಿತಿಯಲ್ಲಿ ಎರಡು ವರ್ಷಗಳ ಬಳಿಕ ದೊಡ್ಡ ಅಂತರವಿರಲಿಲ್ಲ. ನಮ್ಮ ಜೈಪುರ ಪಾದ ಎಷ್ಟೋ ಮಂದಿಯನ್ನು ಮತ್ತೆ ನಡೆಸಿದೆ. ಆದರೆ ಈ ನಿರ್ಧಾರವನ್ನು ವೈದ್ಯನೂ ರೋಗಿಯೂ ಸೇರಿ ಕೈಗೊಳ್ಳಬೇಕೇ ಹೊರತು ಗಡಿ ಮತ್ತು ಹಣದ ಕೊರತೆ ಕೈಗೊಳ್ಳಬಾರದು.

ನಡೆಯುತ್ತಿರುವುದೇನು? 2018ರ ಜನವರಿಯಿಂದ ಬಾಂಬೋಳಿಯಲ್ಲಿ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸಲಾಯಿತು. ಗೋವೆಯ ತೆರಿಗೆದಾರರ ಹಣ ಗೋವೆಯವರಿಗೇ ಎಂಬ ವಾದವನ್ನು ತೀರ ತಳ್ಳಿಹಾಕುವಂತಿಲ್ಲ. ಆದರೆ ಗೋವೆಯ ಕಟ್ಟಡಗಳನ್ನೂ ಬಂದರನ್ನೂ ಕಟ್ಟಿದವರಲ್ಲಿ ಕನ್ನಡದ ಕೂಲಿಕಾರರು ಕಡಿಮೆಯೇನಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರು ತಲುಪಲಾರದೆ ನಮ್ಮ ರೋಗಿಗಳು ಪ್ರಾಣ ತೆತ್ತುದನ್ನು ಗಡಿನಾಡಿನ ನಾವು ಮರೆತಿಲ್ಲ.

ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿಯವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದುದು ಸ್ವಾಗತಾರ್ಹ. ಆದರೆ ಅದರ ಅವಧಿ ಅಪಘಾತದ ದಿನದಿಂದ ಏಳು ದಿನ ಮಾತ್ರ! ಪ್ರಾಣ ಉಳಿಸಲು ಇದು ಸಾಕಾದೀತು. ಪಾದ ಉಳಿಸಲು ಸಾಲದು. ಏಳನೆಯ ದಿನಕ್ಕೆ ಗಾಯ ತೊಳೆದು ಮುಗಿದಿರುತ್ತದೆ, ಚರ್ಮ ಹೊದಿಸುವ ಕೆಲಸ ಆಗಷ್ಟೇ ತೊಡಗಿರುತ್ತದೆ. ಮರದ ಮಿಲ್ಲಿನಲ್ಲಿ, ಕಲ್ಲಿನ ಕ್ವಾರಿಯಲ್ಲಿ ಕಾಲು ಜಜ್ಜಿಸಿಕೊಂಡವನಿಗಂತೂ ಈ ಯೋಜನೆ ಅನ್ವಯಿಸುವುದೇ ಇಲ್ಲ.

ಆದುದರಿಂದ ಕೈಕಾಲುಗಳ ತೀವ್ರ ಗಾಯಗಳಿಗೆ ಈ ಅವಧಿಯನ್ನು ಕನಿಷ್ಠ ಮೂರು ತಿಂಗಳಿಗಾದರೂ ವಿಸ್ತರಿಸಬೇಕು. ಗೋವಾ, ಕರ್ನಾಟಕ, ಕೇರಳ ಸರಕಾರಗಳು ಒಪ್ಪಂದ ಮಾಡಿಕೊಂಡು, ಗಾಯಾಳುವಿನ ವೆಚ್ಚವನ್ನು ಆತನ ರಾಜ್ಯವೇ ನೆರೆರಾಜ್ಯದ ಆಸ್ಪತ್ರೆಗೆ ಭರಿಸುವ ವ್ಯವಸ್ಥೆ ಮಾಡಬೇಕು.

ಓದುಗರಿಗೂ ಒಂದು ಮಾತು. ತುಂಡಾದ ಅಂಗವನ್ನು ಮಂಜುಗಡ್ಡೆಯಲ್ಲಿ ನೇರ ಇಡಬೇಡಿ. ಶುಚಿಯಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಒಯ್ಯಿರಿ. ಬೀಡಿ ಕಟ್ಟುವವನಿಗೆ ಕೈ ಹೇಗೋ, ಅಡಕೆ ಮರ ಏರುವವನಿಗೆ ಪಾದ ಹಾಗೆ. ಅದು ಹೋದರೆ ಮನೆಯ ಒಲೆಯೇ ಆರುತ್ತದೆ. ಸಂಬಂಧಪಟ್ಟವರು ಇದನ್ನು ಮನಗಾಣಬೇಕಾಗಿದೆ.